ಕ್ರಿಸ್ ಸ್ಕ್ವೈರ್ ಹೋದರು. ಯೆಸ್ ಕೇಳಿದವರು ಯಾರಿದ್ದೀರಿ?

ನಾಲ್ಕು ತಂತಿ, ಶಿವಮೊಗ್ಗ
28 ಜೂನ್ 2015, ರಾತ್ರಿ 10:05

ಈಗಷ್ಟೇ ಸುದ್ದಿ ನೋಡಿದೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಯೆಸ್‌ನ ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್ ನಿನ್ನೆ ಅಮೆರಿಕದ ಫೀನಿಕ್ಸ್‌ನಲ್ಲಿ ತೀರಿಕೊಂಡರಂತೆ. 67 ವರ್ಷ. ರಕ್ತದ ಕ್ಯಾನ್ಸರ್. ಕಾಯಿಲೆ ಇದೆ ಅಂತ ಹೊರಗೆ ಹೇಳಿದ್ದೇ ಮೇ ತಿಂಗಳಲ್ಲಿ. ಆಗಸ್ಟ್‌ನ ಪ್ರವಾಸಕ್ಕೆ ಅವರು ಬರುವುದಿಲ್ಲ, ಬದಲಿಗೆ ಬಿಲ್ಲಿ ಶೆರ್ವುಡ್ ನುಡಿಸುತ್ತಾರೆ ಅಂತ ಬ್ಯಾಂಡಿನವರು ತಿಳಿಸಿದ್ದರು. ಚಿಕಿತ್ಸೆ ಮುಗಿಸಿಕೊಂಡು ಬರುತ್ತಾರೆ ಬಿಡು ಅಂದುಕೊಂಡಿದ್ದೆ.

1968ರಲ್ಲಿ ಲಂಡನ್‌ನಲ್ಲಿ ಜಾನ್ ಆಂಡರ್ಸನ್ ಜೊತೆ ಸೇರಿ ಬ್ಯಾಂಡ್ ಕಟ್ಟಿದವರು. ಆಮೇಲೆ ಹಾಡುವವರು ಬದಲಾದರು, ಗಿಟಾರ್, ಕೀಬೋರ್ಡ್, ಡ್ರಮ್ಸ್ ಎಲ್ಲ ಬದಲಾಯಿತು. ಇಲ್ಲಿಯವರೆಗೆ ಬಂದ ಪ್ರತಿಯೊಂದು ಸ್ಟುಡಿಯೋ ಆಲ್ಬಂನಲ್ಲೂ ಇದ್ದವರು ಇವರೊಬ್ಬರೇ.

ಈ ಊರಿನಲ್ಲಿ ಇದನ್ನು ಹೇಳಿಕೊಳ್ಳಲು ಯಾರೂ ಸಿಗುವುದಿಲ್ಲ. ಮನೆಯವಳಿಗೆ ಹೇಳಿದೆ. "ಯಾರು, ಆ ಬಿಳಿ ಗಿಟಾರಿನವರಾ?" ಅಂದಳು. ಅಷ್ಟು ಗೊತ್ತಿದೆಯಲ್ಲ, ಸಾಕು. ನಿಮ್ಮಲ್ಲಿ ಕೇಳಿದವರು ಇದ್ದರೆ ಬರೆಯಿರಿ. ಸುಮ್ನೆ ಒಂದು ಹೂವಿನ ಚಿತ್ರ ಹಾಕಿ ಹೋಗಬೇಡಿ.

ಕೊಪ್ಪೆ, ತೀರ್ಥಹಳ್ಳಿ
ರಾತ್ರಿ 10:31

ಅಯ್ಯೋ, ಹೌದಾ ಮಾರಾಯ್ರೆ? ಇಲ್ಲಿ ಸಂಜೆಯಿಂದ ಕರೆಂಟಿಲ್ಲ. ಮೊಬೈಲ್ ಚಾರ್ಜ್ ಮುಗಿಯುತ್ತಾ ಬಂತು. ನಾಳೆ ಬರೆಯುತ್ತೇನೆ.

ಘಾಟಿ ತಿರುವು, ಬೆಂಗಳೂರು (ಊರು ಕೊಪ್ಪ)
ರಾತ್ರಿ 10:48

ಹೆಸರು ಕೇಳಿದ್ದೇನೆ, ಹಾಡು ಕೇಳಿದ್ದು ಕಡಿಮೆ. ನಮ್ಮದು ಮೆಟಲ್ ಪಂಗಡ. ನಮಗೆ ಬೇಸ್ ಅಂದರೆ ಮೆಟಾಲಿಕಾದ ಕ್ಲಿಫ್ ಬರ್ಟನ್. 2011ರ ಅಕ್ಟೋಬರ್‌ನಲ್ಲಿ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ನಿಂತಿದ್ದೆ. ಬರ್ಟನ್ 1986ರಲ್ಲೇ ಸ್ವೀಡನ್‌ನ ಅಪಘಾತದಲ್ಲಿ ಹೋಗಿದ್ದ, 24ನೇ ವಯಸ್ಸಿಗೆ. ಆದರೂ ಪಕ್ಕದಲ್ಲಿದ್ದವರೆಲ್ಲ ಅವನ ಹೆಸರಿನ ಟೀ ಶರ್ಟ್ ಹಾಕಿಕೊಂಡಿದ್ದರು.

ಸ್ಕ್ವೈರ್ ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಹಾಡು ಹೇಳಿ. ಆಲ್ಬಂ ಪಟ್ಟಿ ಕೊಟ್ಟರೆ ಓಡಿಹೋಗುತ್ತೇನೆ.

ನಾಲ್ಕು ತಂತಿ, ಶಿವಮೊಗ್ಗ
ರಾತ್ರಿ 11:02

1971ರ ಫ್ರಜೈಲ್ ಆಲ್ಬಂನ ಮೊದಲ ಹಾಡು, ರೌಂಡಬೌಟ್. ಎಂಟೂವರೆ ನಿಮಿಷ ಇದೆ, ಹೆದರಬೇಡಿ. ಮೊದಲು ಗಿಟಾರ್ ಒಂದೇ ಇರುತ್ತದೆ. ಅದು ಮುಗಿದು ಬೇಸ್ ಬರುವ ಜಾಗಕ್ಕೆ ಕಾಯಿರಿ. ಅಲ್ಲಿಂದ ಮುಂದೆ ಹಾಡುವವರನ್ನು ಬಿಟ್ಟು ಬೇಸ್ ಹಿಂದೆಯೇ ಹೋಗಿ.

ಬೆಸುಗೆ, ಹೊಸನಗರ
29 ಜೂನ್ 2015, ಬೆಳಿಗ್ಗೆ 6:40

ನಾನು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಾ ಬಂದವನು. ಸಂಗೀತದ ಶಾಸ್ತ್ರ ಗೊತ್ತಿಲ್ಲ. ಆದರೂ ಇವರ ಬಗ್ಗೆ ನನ್ನದೊಂದು ಲೆಕ್ಕ ಇದೆ.

ಆಗ ಎಂಬತ್ತರ ದಶಕದ ಕೊನೆ. ಅಂಗಡಿಗೆ ಒಂದು ಟೂ ಇನ್ ಒನ್ ಬಂತು, ರೇಡಿಯೋ ಮತ್ತು ಟೇಪ್ ಎರಡೂ ಇರುವ ಸೆಟ್. ಒಳಗೆ ಕ್ಯಾಸೆಟ್ ಸಿಕ್ಕಿಕೊಂಡು ಟೇಪ್ ಎಲ್ಲ ರೋಲರಿಗೆ ಸುತ್ತಿಕೊಂಡಿತ್ತು. ಚಿಮಟದಲ್ಲಿ ಬಿಡಿಸಿದೆ. ಪೆನ್ಸಿಲ್ ಹಾಕಿ ತಿರುಗಿಸಿ ಟೇಪನ್ನು ಒಳಗೆ ಎಳೆದುಕೊಂಡೆ. ಹೆಡ್ಡನ್ನು ಸ್ಪಿರಿಟ್ ಹಾಕಿ ಒರೆಸಿದೆ. ಸರಿಯಾಯಿತಾ ನೋಡೋಣ ಅಂತ ಅದೇ ಕ್ಯಾಸೆಟ್ ಹಾಕಿದೆ. ಯೆಸ್.

ಅದರ ಸ್ಪೀಕರ್ ಅಂಗೈ ಅಗಲದ್ದು. ಅಂಥದ್ದರಲ್ಲಿ ಬೇಸ್ ಗಿಟಾರ್ ಕೇಳುವುದೇ ಇಲ್ಲ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ಕೆಳಗಿನ ಸದ್ದನ್ನು ಎತ್ತಿಕೊಡುವ ತಾಕತ್ತು ಆ ಕಾಗದದ ಕೋನ್‌ಗೆ ಎಲ್ಲಿಂದ ಬರಬೇಕು? ಬೇರೆ ರಾಕ್ ಕ್ಯಾಸೆಟ್ ಹಾಕಿದರೆ ಡ್ರಮ್ಸ್, ಗಿಟಾರ್, ಹಾಡು, ಮುಗಿಯಿತು. ಇದರಲ್ಲಿ ಮಾತ್ರ ಅಡಿಯಲ್ಲಿ ಏನೋ ಗುರುಗುಟ್ಟುತ್ತಾ ಓಡಾಡುತ್ತಿತ್ತು. ಮೊದಲು ಸ್ಪೀಕರ್ ಹರಿದಿದೆ ಅಂತಲೇ ನೋಡಿದೆ. ಹರಿದಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಅವರು ಬೇಸ್‌ನ ಸಿಗ್ನಲನ್ನು ಎರಡು ಪಾಲು ಮಾಡುತ್ತಿದ್ದರು. ಕೆಳಗಿನ ಪಾಲು ಬೇಸ್ ಆಂಪ್ಲಿಫೈಯರಿಗೆ. ಮೇಲಿನ ಪಾಲು ಗಿಟಾರಿನ ಆಂಪ್ಲಿಫೈಯರಿಗೆ. ಅಲ್ಲಿ ಅದನ್ನು ಒಡೆಯುವಷ್ಟು ಜೋರಾಗಿ ಇಡುವುದು. ಹೀಗಾಗಿ ಮೂಲ ಸ್ವರದ ಮೇಲೆ ಹುಟ್ಟುವ ಹಾರ್ಮೋನಿಕ್ಸ್ ಇದೆಯಲ್ಲ, ಅದು ಜಾಸ್ತಿಯಾಗಿ ಬರುತ್ತದೆ. ಸಣ್ಣ ಸ್ಪೀಕರ್ ಅದನ್ನು ಸಲೀಸಾಗಿ ಕೊಡುತ್ತದೆ. ಕೆಳಗಿನ ಮೂಲ ಸ್ವರ ಬರದಿದ್ದರೂ ನಮ್ಮ ಕಿವಿ ಈ ಮೇಲಿನವನ್ನು ಕೇಳಿಯೇ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಇದು ನನ್ನ ಕಲ್ಪನೆಯಲ್ಲ, ಕಿವಿಯ ಗುಣವೇ ಹಾಗೆ.

ಅವರು ಲಂಡನ್ ಸ್ಟುಡಿಯೋದಲ್ಲಿ ಕೂತು ಹೊಸನಗರದ ಟೂ ಇನ್ ಒನ್‌ಗಾಗಿ ಇದನ್ನು ಮಾಡಿದ್ದಲ್ಲ. ಆದರೆ ನಮ್ಮಂಥವರಿಗೆ ಮೊದಲ ಸಲ "ಓ, ಕೆಳಗೆ ಇನ್ನೊಬ್ಬನಿದ್ದಾನೆ" ಅಂತ ಗೊತ್ತಾಗಿದ್ದು ಇವರಿಂದಲೇ. ನಾನು ಹೇಳಬೇಕಾಗಿದ್ದು ಇಷ್ಟೇ.

ಸೆಟ್ ಕೊಟ್ಟವರು ಮಾರನೇ ದಿನ ಬಂದರು. ಇನ್ನೊಂದು ದಿನ ಬೇಕು ಸಾರ್ ಅಂದೆ. ರಾತ್ರಿ ಕೂತು ಕ್ಯಾಸೆಟ್ ಕಾಪಿ ಮಾಡಿಕೊಂಡೆ.

ನಾಲ್ಕು ತಂತಿ, ಶಿವಮೊಗ್ಗ
ಬೆಳಿಗ್ಗೆ 7:15

ಬೆಸುಗೆ ಅಣ್ಣ, ನಾನು ಇಷ್ಟು ವರ್ಷ ನುಡಿಸಿದರೂ ಇದನ್ನು ಹೀಗೆ ಯೋಚಿಸಿರಲಿಲ್ಲ.

ನಿಮ್ಮ ಲೆಕ್ಕಕ್ಕೆ ಎರಡು ಸೇರಿಸುತ್ತೇನೆ. ಒಂದು, ತಂತಿ. ಆ ಕಾಲಕ್ಕೆ ಬಹಳ ಜನ ನುಣುಪಾದ ಚಪ್ಪಟೆ ಸುತ್ತಿನ ತಂತಿ ಹಾಕುತ್ತಿದ್ದರು, ಸದ್ದು ಮೆತ್ತಗೆ. ಸ್ಕ್ವೈರ್ ಹಾಕುತ್ತಿದ್ದದ್ದು ದುಂಡು ಸುತ್ತಿನ ಸ್ಟೀಲ್ ತಂತಿ, ರೋಟೋಸೌಂಡ್‌ನದ್ದು. ಎರಡನೆಯದು, ಕೈ. ಬೆರಳಲ್ಲಿ ಮೀಟದೆ ಪಿಕ್, ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆ, ಹಿಡಿಯುತ್ತಿದ್ದರು. ಪಿಕ್ ತುದಿಯನ್ನು ಎಷ್ಟು ಒಳಗೆ ಹಿಡಿಯುತ್ತಿದ್ದರು ಅಂದರೆ, ಪಿಕ್ ತಂತಿಗೆ ತಾಗಿದ ಬೆನ್ನಿಗೇ ಹೆಬ್ಬೆರಳಿನ ಮಾಂಸವೂ ತಾಗುತ್ತದೆ. ಒಂದೇ ಏಟಿಗೆ ಪಿಕ್‌ನ ಟಕ್ ಮತ್ತು ಬೆರಳಿನ ದಪ್ಪ ಎರಡೂ. ವೀಡಿಯೋದಲ್ಲಿ ಬಲಗೈ ಹತ್ತಿರದಿಂದ ತೋರಿಸುವಾಗ ನಿಲ್ಲಿಸಿ ನೋಡಿ. ನಾನು ಪ್ರಯತ್ನ ಮಾಡಿ ಹೆಬ್ಬೆರಳು ಸುಲಿದುಕೊಂಡಿದ್ದೇ ಬಂತು.

ಶ್ರುತಿಪೆಟ್ಟಿಗೆ, ಶಿವಮೊಗ್ಗ
ಬೆಳಿಗ್ಗೆ 9:20

ಎಲ್ಲರೂ ಕೈ, ತಂತಿ, ಆಂಪ್ಲಿಫೈಯರ್ ಅಂತಿದ್ದೀರಿ. ಅವರ ಗಂಟಲು? ಸ್ಕ್ವೈರ್ ಹಾಡುತ್ತಿದ್ದರು, ಸ್ವಾಮಿ! ಯೆಸ್ ಹಾಡುಗಳಲ್ಲಿ ಆಂಡರ್ಸನ್ ದನಿಗೆ ಅಂಟಿಕೊಂಡು ಇನ್ನೊಂದು ದನಿ ಬರುತ್ತದಲ್ಲ, ಅದು ಇವರದ್ದು. ಹುಡುಗನಾಗಿದ್ದಾಗ ಚರ್ಚಿನ ಗಾಯನ ವೃಂದದಲ್ಲಿ ಪಳಗಿದ ದನಿ. ಅಲ್ಲಿ ಕಲಿಸಿದ ಬ್ಯಾರಿ ರೋಸ್ ಅವರೇ 1975ರಲ್ಲಿ ಸ್ಕ್ವೈರ್ ಮಾಡಿದ ಸ್ವಂತ ಆಲ್ಬಂಗೆ ಚರ್ಚಿನ ದೊಡ್ಡ ಆರ್ಗನ್ ನುಡಿಸಿಕೊಟ್ಟರು. ಗುರುಗಳನ್ನು ಮರೆಯಲಿಲ್ಲ ನೋಡಿ.

ನಾನು ಪಾಠ ಹೇಳಿಕೊಡುವವಳು. ಕೈಯಲ್ಲಿ ತಾಳ ಹಾಕುತ್ತಾ ಹಾಡುವುದೇ ಮಕ್ಕಳಿಗೆ ಕಷ್ಟ. ಇವರು ಕೈಯಲ್ಲಿ ಒಂದು ದಾರಿ ಹಿಡಿದು, ಬಾಯಲ್ಲಿ ಬೇರೆಯದೇ ದಾರಿಯಲ್ಲಿ, ಅದೂ ಮೇಲಿನ ಸ್ಥಾಯಿಯಲ್ಲಿ ಹಾಡುತ್ತಿದ್ದರು. ಒಮ್ಮೆ ಮನೆಯಲ್ಲಿ ಕೂತು ಪ್ರಯತ್ನಿಸಿ, ಗೊತ್ತಾಗುತ್ತದೆ.

ಗಾಂಧಿಬಜಾರ್, ಶಿವಮೊಗ್ಗ
ಬೆಳಿಗ್ಗೆ 10:02

ಇಂಗ್ಲಿಷ್ ಹಾಡಿನವರಿಗೆ ಕನ್ನಡ ವೇದಿಕೆಯಲ್ಲಿ ಇಷ್ಟೊಂದು ಶೋಕ ಬೇಕಾ? ನಮ್ಮ ಕಲಾವಿದರು ಹೋದಾಗ ಇಷ್ಟು ಬರೆಯುತ್ತೀರಾ?

ಹಿಮ್ಮೇಳ, ಸಾಗರ
ಬೆಳಿಗ್ಗೆ 10:19

ಬರೆಯುತ್ತೇವೆ ಸಾರ್, ಹಳೆಯ ಪುಟ ತಿರುವಿ ನೋಡಿ. ಇದನ್ನೂ ಕೇಳಿದ್ದು ಇಲ್ಲೇ ಕೂತು. ಬೇರೆ ಎಲ್ಲಿಗೆ ಹೋಗಿ ಬರೆಯೋಣ?

ಬಂದಿದ್ದೇನಲ್ಲ, ನನ್ನದೂ ಹೇಳಿಬಿಡುತ್ತೇನೆ. ನಾನು ಸ್ವಲ್ಪ ಕಾಲ ಮದ್ದಳೆ ಬಾರಿಸಿದವನು, ಬಡಗುತಿಟ್ಟು. ನನ್ನ ಕಿವಿಗೆ ಸ್ಕ್ವೈರ್ ಒಬ್ಬ ಒಳ್ಳೆಯ ಮದ್ದಳೆಗಾರ. ಮದ್ದಳೆಯವನು ಬರೀ ತಾಳ ಹಿಡಿದು ಕೂತರೆ ಅವನನ್ನು ಯಾರೂ ಕೇಳುವುದಿಲ್ಲ. ಭಾಗವತರು ಒಂದು ಸಾಲು ಎಳೆದಾಗ ಅದರ ಮಧ್ಯೆ ಇರುವ ಜಾಗ ಹುಡುಕಿ ಅಲ್ಲಿ ತನ್ನ ಮಾತು ಸೇರಿಸುತ್ತಾನೆ. ಭಾಗವತರಿಗೆ ಅಡ್ಡ ಬರಬಾರದು, ಹಾಗಂತ ಸುಮ್ಮನೆಯೂ ಇರಬಾರದು. ಸ್ಕ್ವೈರ್ ಮಾಡುವುದೂ ಅದನ್ನೇ.

ಶ್ರುತಿಪೆಟ್ಟಿಗೆ, ಶಿವಮೊಗ್ಗ
ಬೆಳಿಗ್ಗೆ 11:45

ಹಿಮ್ಮೇಳದವರೇ, ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಮದ್ದಳೆಯನ್ನು ಭಾಗವತರ ಶ್ರುತಿಗೆ ಸೇರಿಸಿ ಕೂರುತ್ತೀರಿ. ಆಟ ಮುಗಿಯುವವರೆಗೂ ಅದು ಆ ಶ್ರುತಿಗೇ ಕಟ್ಟುಬಿದ್ದಿರುತ್ತದೆ. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಅಲುಗಾಡುವ ಮಾತೇ ಇಲ್ಲ. ರಾಗ ಏನು ಬೇಕಾದರೂ ಆಗಲಿ, ಅದು ಅಲ್ಲೇ ಇರುತ್ತದೆ. ಅವರ ಸಂಗೀತದಲ್ಲಿ ಹಾಗಲ್ಲ. ಮೇಲೆ ಗಿಟಾರ್ ಅದೇ ಸ್ವರಗಳನ್ನು ಹಿಡಿದಿರಲಿ, ಕೆಳಗೆ ಬೇಸ್ ಒಂದು ಸ್ವರ ಸರಿದರೆ ಮೇಲಿನದ್ದರ ಬಣ್ಣವೇ ಬೇರೆ. ಆ ಅಧಿಕಾರ ಬೇಸ್ ಹಿಡಿದವನ ಕೈಯಲ್ಲಿದೆ. ಬಹಳ ಜನ ಅದನ್ನು ಜೋಪಾನವಾಗಿ ಬಳಸುತ್ತಾರೆ. ಸ್ಕ್ವೈರ್ ಮಾತ್ರ ಅದನ್ನು ಹಿಡಿದು ಊರೆಲ್ಲ ಸುತ್ತಿ ಬರುತ್ತಿದ್ದರು.

ಕರ್ನಾಟಕ ಸಂಗೀತ ಕಲಿತ ನನಗೆ ಮೊದಮೊದಲು ಅದು ತಲೆ ತಿರುಗಿಸುತ್ತಿತ್ತು. ನಿಂತ ನೆಲವೇ ಸರಿಯುತ್ತಿದೆಯಲ್ಲಾ ಅನ್ನಿಸುತ್ತಿತ್ತು. ಇಷ್ಟವಾಗಿದ್ದೂ ಅದಕ್ಕೇ.

ಹಿಮ್ಮೇಳ, ಸಾಗರ
ಮಧ್ಯಾಹ್ನ 12:10

ಸ್ವರದ ಮಾತು ನಿಮ್ಮದು ಸರಿ ಅಕ್ಕ. ಆದರೆ ನಾನು ಹೇಳಿದ್ದು ಜಾಗ ಹುಡುಕುವ ವಿಷಯ. ಅದನ್ನು ಬಿಟ್ಟುಕೊಡಲ್ಲ.

ಕೊಪ್ಪೆ, ತೀರ್ಥಹಳ್ಳಿ
ಸಂಜೆ 5:30

ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಹೊಳವಾದ ಕೂಡಲೇ ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು, ಇಲ್ಲದಿದ್ದರೆ ಕಥೆ ಮುಗಿಯಿತು. ಹಾಗಾಗಿ ಈಗ ಬರೆಯುತ್ತಿದ್ದೇನೆ. ಮೈಲುತುತ್ತ, ಸುಣ್ಣ ಕಲಸುತ್ತಾ ಡ್ರಮ್ಮಿನ ಪಕ್ಕ ಮೊಬೈಲ್ ಇಟ್ಟು ರೌಂಡಬೌಟ್ ಹಾಕಿದೆ. ಔಷಧಿ ಹೊಡೆಯುವವನು ಮರದ ತುದಿಯಲ್ಲಿದ್ದ. ಬೇಸ್ ಶುರುವಾಗುವ ಜಾಗಕ್ಕೆ ಸರಿಯಾಗಿ ಮೇಲಿಂದ ಕೂಗಿದ: "ಅಣ್ಣಾ, ಪಂಪ್ ಏನೋ ಬೇರೆ ಥರ ಸದ್ದು ಮಾಡ್ತಿದೆ, ನೋಡಿ!"

ಸ್ಕ್ವೈರ್ ಕೇಳಿದ್ದರೆ ಖುಷಿಪಡುತ್ತಿದ್ದರು ಅನ್ನಿಸಿತು. ಬೆಸುಗೆ ಹೇಳಿದ್ದಕ್ಕೆ ಸಾಕ್ಷಿ ಸಿಕ್ಕಿತು, ಅಲ್ವಾ? ಮೊಬೈಲ್ ಸ್ಪೀಕರಿನ ಸದ್ದು ಅಷ್ಟೆತ್ತರಕ್ಕೆ ಹೋಗಿದೆ.

ಆ ಹಾಡು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಅಬರ್ಡೀನ್‌ನಿಂದ ಗ್ಲಾಸ್ಗೋಗೆ ಗಾಡಿಯಲ್ಲಿ ಹೋಗುವಾಗ. ದಾರಿಯುದ್ದಕ್ಕೂ ಸರ್ಕಲ್ಲುಗಳು, ಮೋಡ ಕೆಳಗಿಳಿದು ಬೆಟ್ಟದ ತಲೆ ಕಾಣದಂಥ ದಿನ. ಬರೆದವರು ಆಂಡರ್ಸನ್ ಮತ್ತು ಗಿಟಾರಿನ ಸ್ಟೀವ್ ಹೋವ್. ಸ್ಕ್ವೈರ್ ಹೆಸರು ಅದರ ರಚನೆಯಲ್ಲಿ ಇಲ್ಲ. ಆದರೆ ಹಾಡು ಅಂದ ಕೂಡಲೇ ಯಾರಿಗೆ ಏನು ನೆನಪಾಗುತ್ತದೆ ಹೇಳಿ? ಜೂನ್ ಕಳೆದ ಮೇಲೆ ಆಗುಂಬೆ ಘಾಟಿ ಇಳಿಯುವಾಗ ನಾನು ಇದನ್ನು ಹಾಕದೆ ಇರುವುದಿಲ್ಲ. ತಿರುವಿನಲ್ಲಿ ಎದುರಿನ ಗುಡ್ಡ ಇದ್ದಕ್ಕಿದ್ದಂತೆ ಬಂದು ನಿಲ್ಲುತ್ತದೆ, ಮತ್ತೆ ಇಲ್ಲ.

ಇನ್ನೊಂದು ವಿಷಯ. ನನ್ನ ಹತ್ತಿರ ಒಂದು ಬೇಸ್ ಇದೆ, ಕೋಲ್ಕತ್ತಾದಲ್ಲಿ ತಯಾರಾದದ್ದು, ಕಾಲೇಜು ದಿನದಲ್ಲಿ ತೆಗೆದುಕೊಂಡಿದ್ದು. ಮಳೆಗಾಲದಲ್ಲಿ ಅದನ್ನು ಸಾಕುವುದು ಎಮ್ಮೆ ಕರು ಸಾಕುವುದಕ್ಕಿಂತ ಕಷ್ಟ. ಮರ ನೀರು ಹೀರಿ ಕುತ್ತಿಗೆ ಬಾಗುತ್ತದೆ. ತಂತಿ ಮೇಲೆದ್ದು ಒತ್ತಲಿಕ್ಕೆ ಆಗುವುದಿಲ್ಲ. ನಾಲ್ಕು ದಿನ ಮುಟ್ಟದಿದ್ದರೆ ತಂತಿಗೆ ತುಕ್ಕು. ಈಗ ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ, ಹಲಸಿನ ಹಪ್ಪಳದ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಹೊಗೆ ವಾಸನೆ ಬರುತ್ತದೆ, ಆದರೆ ಬೂಸ್ಟು ಹಿಡಿದಿಲ್ಲ.

ನಾಲ್ಕು ತಂತಿ, ಶಿವಮೊಗ್ಗ
ಸಂಜೆ 6:05

ಅಯ್ಯಯ್ಯೋ, ಮೊದಲು ಕೆಳಗಿಳಿಸಿ ಮಾರಾಯ್ರೆ! ಒಲೆಯ ಶಾಖಕ್ಕೆ ಅಂಟು ಬಿಟ್ಟುಕೊಂಡರೆ ಕುತ್ತಿಗೆ ಕೈಗೇ ಬರುತ್ತದೆ. ಪೆಟ್ಟಿಗೆಯೊಳಗೆ ಇಟ್ಟು ಸಿಲಿಕಾ ಜೆಲ್ ಚೀಲ ಹಾಕಿ. ಕುತ್ತಿಗೆ ಒಳಗಿನ ಕಬ್ಬಿಣದ ಕಂಬಿ ಇದೆಯಲ್ಲ, ಟ್ರಸ್ ರಾಡ್, ಅದನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಒಂದು ದಿನ ಬಿಟ್ಟು ಮತ್ತೆ ನೋಡಿ. ಮಳೆಗಾಲ ಕಳೆದ ಮೇಲೆ ಹಿಂದಕ್ಕೆ ತಿರುಗಿಸಲು ಮರೆಯಬೇಡಿ.

ಸ್ಕ್ವೈರ್ ಬಳಸುತ್ತಿದ್ದ ರಿಕನ್‌ಬ್ಯಾಕರ್ ಕಂಪನಿಯ ಬೇಸ್‌ಗೆ ಇಂಥ ಕಂಬಿ ಎರಡು. ಅದರ ಕಥೆಯೂ ಚೆನ್ನಾಗಿದೆ. ಕೂದಲು ಉದ್ದ ಬಿಟ್ಟಿದ್ದಕ್ಕೆ ಶಾಲೆಯಿಂದ ಕಳಿಸಿದರು, ಕತ್ತರಿಸಿಕೊಂಡು ಬಾ ಅಂತ ದುಡ್ಡನ್ನೂ ಕೊಟ್ಟರು. ಹುಡುಗ ವಾಪಸ್ ಹೋಗಲೇ ಇಲ್ಲ. ಲಂಡನ್‌ನ ಒಂದು ವಾದ್ಯದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಕೆಲಸದವರಿಗೆ ಸಿಗುವ ರಿಯಾಯಿತಿಯಲ್ಲಿ 1965ರಲ್ಲಿ ಅದೇ ಅಂಗಡಿಯಿಂದ ಈ ಬೇಸ್ ತೆಗೆದುಕೊಂಡರು. ಆಮೇಲೆ ಅದಕ್ಕೆ ಗೋಡೆಗೆ ಅಂಟಿಸುವ ಹೂವಿನ ಕಾಗದ ಅಂಟಿಸಿದರು, ಆ ಕಾಲದ ಹುಚ್ಚು. ಅದು ಬೇಡವಾಗಿ ಕೆರೆಸಿ ಹೊಸ ಬಣ್ಣ ಹೊಡೆಸುವಾಗ ಮರವೂ ಸ್ವಲ್ಪ ಸವೆಯಿತು. ಹಾಗಾಗಿ ಅದು ಅದೇ ಜಾತಿಯ ಬೇರೆ ಬೇಸ್‌ಗಳಿಗಿಂತ ತೆಳುವು, ಹಗುರ. ಕೊನೆಯವರೆಗೂ ಅದನ್ನೇ ನುಡಿಸಿದರು. ಹೊಸದು ಎಷ್ಟು ಬೇಕಾದರೂ ಸಿಗುತ್ತಿತ್ತು.

ಭದ್ರಾ ನಾಲೆ, ಭದ್ರಾವತಿ
ರಾತ್ರಿ 8:50

ಎಲ್ಲರಿಗಿಂತ ಚಿಕ್ಕವನು ನಾನೇ ಇರಬೇಕು. ನಾನು ಯೆಸ್ ಕೇಳಿದ್ದು ಜಪಾನಿನ ಅನಿಮೆಯಿಂದ. 2012ರಲ್ಲಿ ಬಂದ ಜೋಜೋ ಸರಣಿಯಲ್ಲಿ ಪ್ರತಿ ಕಂತಿನ ಕೊನೆಗೆ ರೌಂಡಬೌಟ್ ಬರುತ್ತದೆ. ಕಂತು ನೋಡಿದ ಮೇಲೂ ಹೆಸರುಗಳು ಹೋಗುವವರೆಗೆ ಕೂತಿರುತ್ತಿದ್ದೆ. ಹಾಸ್ಟೆಲಿನಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆಮೇಲೆ ಅದೇ ಆಲ್ಬಂನಲ್ಲಿ ಸ್ಕ್ವೈರ್ ಒಬ್ಬರೇ ಮಾಡಿದ ದಿ ಫಿಶ್ ಕೇಳಿದೆ. ಅದರಲ್ಲಿ ಗಿಟಾರ್ ಇದೆ ಅಂದುಕೊಂಡಿದ್ದ ಕಡೆಯೆಲ್ಲ ಬೇಸೇ. ಒಂದರ ಮೇಲೊಂದು ಬೇಸ್ ರೆಕಾರ್ಡ್ ಮಾಡಿ ಕಟ್ಟಿದ್ದು. ಆದರೆ ಅದರ ತಾಳ ಮಾತ್ರ ಎಷ್ಟು ಎಣಿಸಿದರೂ ನಾಲ್ಕಕ್ಕೆ ಕೂರುವುದಿಲ್ಲ. ಯಾರಾದರೂ ಹೇಳಿಕೊಡಿ.

ಶ್ರುತಿಪೆಟ್ಟಿಗೆ, ಶಿವಮೊಗ್ಗ
ರಾತ್ರಿ 9:15

ಏಳು ಎಣಿಸು ತಮ್ಮಾ, ಏಳು. ನಮ್ಮ ಮಿಶ್ರ ಛಾಪು ಏಳರದ್ದೇ ಅಲ್ವಾ? ತಕಿಟ ತಕಧಿಮಿ ಅಂತ ಬಾಯಲ್ಲಿ ಹೇಳುತ್ತಾ ಕೇಳು. ಮೊದಲ ಅಕ್ಷರಕ್ಕೆ ಹೇಗೆ ವಾಪಸ್ ಬಂದು ಬೀಳುತ್ತದೆ ನೋಡು. ಏಳನ್ನು ಇಷ್ಟು ಕಿವಿಗೆ ಹಿತವಾಗಿ ನುಡಿಸುವುದು ಸುಲಭ ಅಲ್ಲ. ಎಣಿಸದೆ ಕೇಳಿದರೆ ಏಳು ಅಂತ ಗೊತ್ತೇ ಆಗುವುದಿಲ್ಲ.

ಭದ್ರಾ ನಾಲೆ, ಭದ್ರಾವತಿ
ರಾತ್ರಿ 9:40

ಅಕ್ಕಾ, ಕೂತಿತು!! ಥ್ಯಾಂಕ್ಸ್. ಕೊನೆಯಲ್ಲಿ ಅದೇನೋ ಮಂತ್ರದ ಥರ ಹೇಳುತ್ತಾರಲ್ಲ, ಅದೇನು?

ನಾಲ್ಕು ತಂತಿ, ಶಿವಮೊಗ್ಗ
ರಾತ್ರಿ 9:58

ಶಿಂಡ್ಲೇರಿಯಾ ಪ್ರೀಮಟೂರಸ್. ಒಂದು ಬಹಳ ಸಣ್ಣ ಮೀನಿನ ವೈಜ್ಞಾನಿಕ ಹೆಸರು. ಆ ಜಾಗಕ್ಕೆ ಎಂಟು ಅಕ್ಷರದ ಮೀನಿನ ಹೆಸರು ಬೇಕಿತ್ತಂತೆ, ಹುಡುಕಿ ತಂದರು. ಮೀನು ಯಾಕೆ ಅಂದರೆ ಬ್ಯಾಂಡಿನಲ್ಲಿ ಸ್ಕ್ವೈರ್‌ಗೆ ಇದ್ದ ಅಡ್ಡಹೆಸರೇ ಮೀನು. ಸ್ನಾನಕ್ಕೆ ಹೋದರೆ ಗಂಟೆಗಟ್ಟಲೆ ಹೊರಗೇ ಬರುತ್ತಿರಲಿಲ್ಲ. ಬ್ಯಾಂಡಿನವರೆಲ್ಲ ಕಾಯುತ್ತಾ ಕೂರಬೇಕು. ತಡ ಮಾಡುವುದರಲ್ಲಿ ಹೆಸರುವಾಸಿ. ಡ್ರಮ್ಸ್‌ನ ಬಿಲ್ ಬ್ರೂಫರ್ಡ್‌ಗೆ ಈ ನಿಧಾನ ಕಂಡರೆ ಆಗುತ್ತಿರಲಿಲ್ಲ. ಹುಟ್ಟಿದ್ದು ಮಾರ್ಚ್ 4, ಅವರ ಲೆಕ್ಕದಲ್ಲಿ ಮೀನ ರಾಶಿ ಬೇರೆ. ನಮ್ಮ ಜೋಯಿಸರು ಒಪ್ಪುವುದಿಲ್ಲ, ಅವರಿಗೆ ಚಂದ್ರ ಎಲ್ಲಿದ್ದ ಅಂತ ಬೇಕು.

ಕೊಪ್ಪೆ, ತೀರ್ಥಹಳ್ಳಿ
ರಾತ್ರಿ 10:10

ಮೀನು ಅಂದರೆ ನಮ್ಮ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೆ ಹೋಗಿ ಅವರ ಹೆಸರಿನಲ್ಲಿ ಒಂದು ಹಿಡಿ ಮಂಡಕ್ಕಿ ಹಾಕಿ ಬರುತ್ತೇನೆ. ತಮಾಷೆಯಲ್ಲ, ನಿಜವಾಗಿಯೂ. ತುಂಗೆ ಈಗ ಕೆಂಪಾಗಿದೆ, ಮೀನು ಮೇಲೆ ಕಾಣುವುದು ಅನುಮಾನ.

ಘಾಟಿ ತಿರುವು, ಬೆಂಗಳೂರು
30 ಜೂನ್ 2015, ಬೆಳಿಗ್ಗೆ 8:30

ಎರಡು ದಿನದಿಂದ ಬೇರೇನೂ ಕೇಳಿಲ್ಲ. ಒಪ್ಪಿಕೊಂಡೆ ಗುರುಗಳೇ. ಮೆಟಲ್‌ನವರು ಕೆಸರಿನಂಥ ಬೇಸ್ ಸದ್ದನ್ನು ತಾವೇ ಕಂಡುಹಿಡಿದ ಹಾಗೆ ಮಾತಾಡುತ್ತೇವೆ. ಇಲ್ಲಿ ನೋಡಿದರೆ 1971ರಲ್ಲೇ ಎಲ್ಲ ಇದೆ.

ಆದರೆ ಬೈಯಬೇಡಿ, ನನಗೆ ಜಾಸ್ತಿ ಇಷ್ಟವಾಗಿದ್ದು 1983ರ 90125 ಆಲ್ಬಂ.

ಕೊಪ್ಪೆ, ತೀರ್ಥಹಳ್ಳಿ
ಬೆಳಿಗ್ಗೆ 8:52

ಅದು ಯೆಸ್ ಅಲ್ಲ. ಯೆಸ್ ಹೆಸರು ಬರೆದ ಬೇರೆ ಏನೋ.

ನಾಲ್ಕು ತಂತಿ, ಶಿವಮೊಗ್ಗ
ಬೆಳಿಗ್ಗೆ 9:30

ಕೊಪ್ಪೆಯವರೇ, ಈ ಜಗಳ ಹಳೆಯದು, ಆದರೂ ಮಾಡೋಣ. ಆ ಬ್ಯಾಂಡ್ ಶುರುವಾಗಿದ್ದೇ ಬೇರೆ ಹೆಸರಿನಲ್ಲಿ. ಯೆಸ್ ಒಡೆದುಹೋಗಿತ್ತು. ಸ್ಕ್ವೈರ್ ಮತ್ತು ಡ್ರಮ್ಸ್‌ನ ಅಲನ್ ವೈಟ್ ಸುಮ್ಮನೆ ಕೂರದೆ ಟ್ರೆವರ್ ರೇಬಿನ್ ಎಂಬ ಗಿಟಾರಿನವರನ್ನು ಸೇರಿಸಿಕೊಂಡು ಸಿನಿಮಾ ಅಂತ ಹೊಸ ಬ್ಯಾಂಡ್ ಮಾಡಿಕೊಂಡರು. ಹಾಡುಗಳು ಮುಕ್ಕಾಲುಪಾಲು ಆದ ಮೇಲೆ ಸ್ಕ್ವೈರ್ ಅದನ್ನು ಆಂಡರ್ಸನ್‌ಗೆ ಕೇಳಿಸಿದರು. ಅವರು ಹಾಡಲು ಬಂದರು. ಆಂಡರ್ಸನ್ ದನಿ ಬಂದ ಮೇಲೆ ಬೇರೆ ಹೆಸರು ಯಾಕೆ ಅಂತ ಯೆಸ್ ಆಯಿತು. ಅದರ ಒಂದು ಹಾಡು 1984ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೂ ಹೋಯಿತು.

1989ರಲ್ಲಿ ಇದರ ಉಲ್ಟಾ. ಆಂಡರ್ಸನ್, ಬ್ರೂಫರ್ಡ್, ಕೀಬೋರ್ಡಿನ ವೇಕ್‌ಮನ್, ಹೋವ್, ಹಳೆಯ ಗೆಳೆಯರು ನಾಲ್ವರೂ ಸೇರಿ ಆಲ್ಬಂ ಮಾಡಿದರು. ಹೆಸರು ಮಾತ್ರ ಯೆಸ್ ಅಂತ ಇಡಲಾಗಲಿಲ್ಲ. ಹೆಸರು ಸ್ಕ್ವೈರ್ ಕಡೆಯವರ ಹತ್ತಿರ ಇತ್ತು. ನಾಲ್ವರ ಹೆಸರನ್ನೇ ಸಾಲಾಗಿ ಬರೆದು ಬಿಡುಗಡೆ ಮಾಡಬೇಕಾಯಿತು. ಈಗ ಹೇಳಿ, ಯೆಸ್ ಯಾರು?

ಕೊಪ್ಪೆ, ತೀರ್ಥಹಳ್ಳಿ
ಬೆಳಿಗ್ಗೆ 9:41

ಕಾನೂನು ಹೇಳಬೇಡಿ, ಕಿವಿ ಹೇಳಿದ್ದು ಹೇಳಿ. 1983ರದ್ದು ಪಾಪ್.

ಬೆಸುಗೆ, ಹೊಸನಗರ
ಬೆಳಿಗ್ಗೆ 10:15

ಪಾಪ್ ಆದರೂ ಬೇಸ್ ಕೇಳುತ್ತದೆ. ಸಣ್ಣ ಸ್ಪೀಕರಿನಲ್ಲೂ. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ.

ಹಿಮ್ಮೇಳ, ಸಾಗರ
ರಾತ್ರಿ 9:05

ಒಂದು ವಿಚಿತ್ರ ಗಮನಿಸಿದಿರಾ? ದಿ ಹೂ ಬ್ಯಾಂಡಿನ ಜಾನ್ ಎಂಟ್ವಿಸಲ್ ಹೋಗಿದ್ದು 2002ರ ಜೂನ್ 27. ಸ್ಕ್ವೈರ್ ಹೋಗಿದ್ದೂ ಜೂನ್ 27. ಸ್ಕ್ವೈರ್‌ಗೆ ದಾರಿ ತೋರಿಸಿದವರಲ್ಲಿ ಎಂಟ್ವಿಸಲ್ ಒಬ್ಬರು. ನಾಲ್ಕು ತಂತಿಯವರು ಹೇಳಿದ ಆ ದುಂಡು ಸುತ್ತಿನ ತಂತಿ ಇದೆಯಲ್ಲ, ಅದನ್ನು ಹದಕ್ಕೆ ತರಲು ರೋಟೋಸೌಂಡ್‌ನವರ ಜೊತೆ ಕೂತು ಕೆಲಸ ಮಾಡಿದ್ದೂ ಅವರೇ, 1966ರಲ್ಲಿ. ನನ್ನ ಮಗ "ಕಾಕತಾಳೀಯ ಅಪ್ಪ" ಅಂದ. ಇರಲಿ. ತಿಥಿ ಮಾಡುವವರಿಗೆ ಒಂದೇ ದಿನ ಅಡುಗೆ ಮಾಡಿದರಾಯಿತು.

ನಾಲ್ಕು ತಂತಿ, ಶಿವಮೊಗ್ಗ
9 ಆಗಸ್ಟ್ 2015, ಬೆಳಿಗ್ಗೆ 11:20

ಹಳೆಯ ಎಳೆ ಮೇಲೆತ್ತುತ್ತಿದ್ದೇನೆ. ಸ್ಕ್ವೈರ್ ಇಲ್ಲದ ಮೊದಲ ಯೆಸ್ ಕಾರ್ಯಕ್ರಮ ಮೊನ್ನೆ 7ನೇ ತಾರೀಕು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಆಯಿತು. 1968ರಿಂದ ಇದೇ ಮೊದಲು. ಶುರುವಿನಲ್ಲಿ ವೇದಿಕೆಗೆ ಯಾರೂ ಬರಲಿಲ್ಲ. ಬಿಳಿ ರಿಕನ್‌ಬ್ಯಾಕರ್ ಒಂದನ್ನು ನಿಲ್ಲಿಸಿ ಅದರ ಮೇಲೆ ಲೈಟ್ ಬಿಟ್ಟು, ಸ್ಕ್ವೈರ್ ಬರೆದ ಆನ್‌ವರ್ಡ್ ಹಾಕಿದರು. 1978ರ ಹಾಡು, ಅವರು ಬರೆದದ್ದರಲ್ಲೇ ನಿಧಾನದ್ದು.

ಆಮೇಲೆ ಶೆರ್ವುಡ್ ಬಂದು ನುಡಿಸಿದರು. ಯಾರೋ ಹಾಕಿದ ವೀಡಿಯೋ ನೋಡಿದೆ. ಚೆನ್ನಾಗಿ ನುಡಿಸುತ್ತಾರೆ, ತಪ್ಪು ಹುಡುಕಲು ಕೂತರೂ ಸಿಗುವುದಿಲ್ಲ. ಸ್ಕ್ವೈರ್ ತಾವೇ ಆರಿಸಿದ ಮನುಷ್ಯ. ಆದರೂ ಅರ್ಧಕ್ಕೆ ನಿಲ್ಲಿಸಿ ಎದ್ದುಹೋದೆ.

ಶ್ರುತಿಪೆಟ್ಟಿಗೆ, ಶಿವಮೊಗ್ಗ
ಮಧ್ಯಾಹ್ನ 1:05

ನಾನು ಪೂರ್ತಿ ನೋಡಿದೆ. ನೋಡಲೇಬೇಕು ಸಾರ್. ನುಡಿಸುವವರು ಕಷ್ಟಪಟ್ಟು ನಿಂತಿರುವಾಗ ಕೇಳುವವರು ಎದ್ದುಹೋಗುವುದು ಸರಿಯಲ್ಲ.

ಭದ್ರಾ ನಾಲೆ, ಭದ್ರಾವತಿ
12 ಏಪ್ರಿಲ್ 2017, ರಾತ್ರಿ 9:30

ಯಾರಾದರೂ ಇನ್ನೂ ಇದ್ದೀರಾ? ಯೆಸ್‌ಗೆ ಕೊನೆಗೂ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಿಕ್ಕಿತು, ಇದೇ 7ನೇ ತಾರೀಕು. ರೌಂಡಬೌಟ್‌ಗೆ ಬೇಸ್ ಹಿಡಿದವರು ರಷ್ ಬ್ಯಾಂಡಿನ ಗೆಡ್ಡಿ ಲೀ! ಇನ್ನೊಂದು ಹಾಡಿಗೆ ಗಿಟಾರಿನ ಸ್ಟೀವ್ ಹೋವ್ ಅವರೇ ಬೇಸ್ ತೆಗೆದುಕೊಂಡರು. ಈಗಂತೂ ರೌಂಡಬೌಟ್ ಇಲ್ಲದ ಮೀಮ್ ವೀಡಿಯೋ ಇಲ್ಲ. ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು, ಯಾರದ್ದು ಅಂತ ಮಾತ್ರ ಗೊತ್ತಿಲ್ಲ.

ಕೊಪ್ಪೆ, ತೀರ್ಥಹಳ್ಳಿ
ರಾತ್ರಿ 9:55

ಇದ್ದೇವೆ. ಮೊದಲ ಆಲ್ಬಂ 1969ರದ್ದು. 25 ವರ್ಷ ಆದರೆ ಅರ್ಹತೆ ಬರುತ್ತದೆ, ಅಂದರೆ 1994. ಆವಾಗಿನಿಂದ ಇಪ್ಪತ್ತು ಚಿಲ್ಲರೆ ವರ್ಷ ಕಾದು, ಸ್ಕ್ವೈರ್ ಹೋದ ಮೇಲೆ ಕೊಟ್ಟರು. ನನಗೇನೂ ಖುಷಿಯಾಗಲಿಲ್ಲ. ಗೆಡ್ಡಿ ಲೀ ನುಡಿಸಿದ್ದು ಮಾತ್ರ ಹಬ್ಬ. ತಾನು ಮೆಚ್ಚಿದವರ ಪಾಠ ಒಪ್ಪಿಸುವ ಹುಡುಗನ ಮುಖ ಮಾಡಿಕೊಂಡು ನುಡಿಸಿದರು, ನೋಡಿದಿರಾ?

ಅಂದಹಾಗೆ ನನ್ನ ಬೇಸ್ ಅಟ್ಟದಿಂದ ಇಳಿದು ಪೆಟ್ಟಿಗೆಗೆ ಬಂದಿದೆ. ಕುತ್ತಿಗೆ ಈಗ ನೆಟ್ಟಗಿದೆ. ತಂತಿ ಮಾತ್ರ ನಾಲ್ಕೂ ಹೋಗಿವೆ. ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಬೆಂಗಳೂರಿನಿಂದ ಈ ಕಡೆ ಬರುವವರು ಯಾರಾದರೂ ಇದ್ದೀರಾ?

ಘಾಟಿ ತಿರುವು, ಬೆಂಗಳೂರು
ರಾತ್ರಿ 10:20

ನಾನು ಶುಕ್ರವಾರ ರಾತ್ರಿ ಹೊರಡುತ್ತೇನೆ. ಈ ಸಲ ತೀರ್ಥಹಳ್ಳಿ ಮೇಲೆ ಹೋಗುತ್ತೇನೆ. ಯಾವ ತಂತಿ?

ಕೊಪ್ಪೆ, ತೀರ್ಥಹಳ್ಳಿ
ರಾತ್ರಿ 10:26

ದುಂಡು ಸುತ್ತಿನ ಸ್ಟೀಲ್, ದಪ್ಪ 45ರಿಂದ 105. ಬೇರೆ ಕೊಟ್ಟರೆ ಬೇಡ ಅನ್ನಿ.

ಘಾಟಿ ತಿರುವು, ಬೆಂಗಳೂರು
ರಾತ್ರಿ 10:31

ಸರಿ. ಶನಿವಾರ ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಇರಿ. ಬಸ್ ಐದೇ ನಿಮಿಷ ನಿಲ್ಲುವುದು, ಸ್ನಾನಕ್ಕೆ ಹೋದ ಸ್ಕ್ವೈರ್ ಥರ ಮಾಡಬೇಡಿ.